ಕರಿ ಐದರಿಂದ ಬಿಳಿ ಐದಕ್ಕ

ಅಕ್ಕನ ಗಂಟಲದಾಗ ಏನೋ ಕುಂತೈತಿ ಅನ್ನೂದು ಮೊದಲು ಗೊತ್ತಾಗಿದ್ದು ಡಾಕ್ಟರಿಗಲ್ಲ, ಆಕಿಗೂ ಅಲ್ಲ. ನನ್ನ ಬೆರಳಿಗೆ. ಗೊತ್ತಾದ ಮ್ಯಾಲ ಹತ್ತು ತಿಂಗಳು ನಾ ಬಾಯಿ ಬಿಡಲಿಲ್ಲ. ಅದನ್ನ ಬರಿಯಾಕ ಕುಂತೇನಿ. ಉಳಿದದ್ದು ನಡುವ ಬಂದ್ರ ಬಂತು, ಇಲ್ಲಂದ್ರ ಇಲ್ಲ.

ನಾ ನಾಟಕ ಕಂಪನಿಯಾಗ ಪೇಟಿ ಬಾರಸಾಕಿ. ಒಂದ ಕೈಲೆ ಗಾಳಿ ಹಾಕೋ ಭಜನಿ ಪೇಟಿ ಅಲ್ಲ. ಕುರ್ಚಿ ಮ್ಯಾಲ ಕುಂತು, ಎರಡೂ ಕಾಲಿಲೆ ತುಳಕೋತ, ಎರಡೂ ಕೈಲೆ ಬಾರಸೋ ದೊಡ್ಡ ಕಾಲಪೇಟಿ. ಓದಿದವರು ಅದಕ್ಕ ಆರ್ಗನ್ ಅಂತಿದ್ರು. ನಮ್ಮಪ್ಪ ಅದೇ ಕಂಪನಿಗೆ ಪೇಟಿ ಮಾಸ್ತರ. ಎರಡನೇ ಇಯತ್ತೆಕ್ಕ ನನ್ನ ಸಾಲಿ ಬಿಡಿಸಿ ಕಂಪನಿ ಕೂಡ ಊರೂರು ತಿರುಗಿಸಿದ. ಅಕ್ಷರ ಅರ್ಧ ಕಲಿತೆ, ಸ್ವರ ಪೂರ್ತಿ ಕಲಿತೆ.

ಅಪ್ಪಗ ಲಕ್ವಾ ಹೊಡೆದು ಎಡಗೈ ಬಿದ್ದಾಗ ನನಗ ಹದಿನೇಳು. ಬ್ಯಾರೆ ಮಾಸ್ತರ ಸಿಗೂತನಕ ಅಂತ ಮಾಲಕ ನನ್ನ ಕೂಡ್ರಿಸಿದ. ಹೆಂಗಸು ಪೇಟಿ ಬಾರಸೂದು ಮಂದಿಗೆ ಕಾಣಬಾರದಂತ ಮೊದಲ ವಾರ ನನ್ನ ಸುತ್ತ ಪಡದಿ ಕಟ್ಟಿಸಿದ. ಮಂದಿ ನಾಟಕ ಬಿಟ್ಟು ಪಡದಿ ಎತ್ತಿ ಎತ್ತಿ ನೋಡಾಕ ಹತ್ತಿದ್ರು. ಎರಡನೇ ವಾರ ಅಂವನೇ ಪಡದಿ ಬಿಚ್ಚಿಸಿ, ಜಾಹೀರಾತಿನ ಟಾಂಗಾದಾಗ ‘ಹೆಣ್ಣು ಪೇಟಿ ಮಾಸ್ತರ’ ಅಂತ ಕೂಗಿಸಿದ. ಬ್ಯಾರೆ ಮಾಸ್ತರ ಸಿಗಲಿಲ್ಲ. ಅಂವ ಹುಡುಕಲೂ ಇಲ್ಲ.

ಅಪ್ಪ ಕಲಿಸಿದ್ದು ಒಂದ ಮಾತು. “ಹಾಡೋರು ತಪ್ಪಿದ್ರ ಮಂದಿಗೆ ಕೇಳಬಾರದು. ಕೇಳಿತು ಅಂದ್ರ ತಪ್ಪು ನಿಂದು.” ಹಾಡೋರ ಬೆನ್ನಿಗೆ ಬಾರಸೂದಕ್ಕ ನಾವು ಸಾಥ್ ಕೊಡೂದು ಅಂತೇವಿ. ಉಸಿರು ಸಾಲದಿದ್ದಲ್ಲಿ ನಾ ತುಂಬಬೇಕು. ಮಾತು ಮರೆತಲ್ಲಿ ಸ್ವರ ಎಳೀಬೇಕು. ತಾಳ ಬಿಟ್ಟು ಓಡಿದ್ರ ಓಡಿ ಹಿಡೀಬೇಕು. ಚಪ್ಪಾಳಿ ಅವರಿಗೆ. ನನಗ ಕಾಲು ನೋವು.

ಅಕ್ಕ ನಮ್ಮ ಕಂಪನಿಯ ದೊಡ್ಡ ಪಾರ್ಟಿನಾಕಿ. ನನ್ನಕಿಂತ ಎಂಟು ವರ್ಷ ಹಿರಿಯಾಳು. ಒಡಹುಟ್ಟಿದಾಕಿ ಅಲ್ಲ, ಇಡೀ ಕಂಪನಿ ಆಕಿಗೆ ಅಕ್ಕ ಅಂತಿತ್ತು. ಇಲಕಲ್ಲಿನಾಕಿ. ಓದಿದಾಕಿ, ಪಾರ್ಟನ್ನ ತಾನ ಓದಿ ಬಾಯಿಪಾಠ ಮಾಡತಿದ್ದಳು. ಸೊಕ್ಕು ಇತ್ತು. ಎಲಿ ಅಡಕಿ ತಂಬಾಕು ಬಾಯಾಗಿಂದ ಇಳೀತಿದ್ದಿಲ್ಲ. ಆಕಿ ದನಿ ಕರಿ ಐದು. ತಿಳೀದವರಿಗೆ ಹೇಳ್ತೇನಿ. ಪೇಟಿ ಮ್ಯಾಲ ಕರೀ ಪಟ್ಟಿ, ಬಿಳೀ ಪಟ್ಟಿ ಇರ್ತಾವು. ಯಾವ ಪಟ್ಟಿಯನ್ನ ಸಾ ಮಾಡಿಕೊಂಡು ಹಾಡ್ತಾರೋ ಅದು ಅವರ ದನಿ. ಕರಿ ಐದು ಅಂದ್ರ ಭಾಳ ಮ್ಯಾಲ. ನಮ್ಮ ಸೀಮಿಯಾಗ ಆಗ ಆ ದನಿಯಾಗ ಹಾಡೋ ಹೆಂಗಸು ಮತ್ತೊಬ್ಬಾಕಿ ಇದ್ದಿಲ್ಲ. ಆಕಿ ಹೆಸರಿನ ಮುಂದ ಅದನ್ನ ಬಿರುದಿನಂಗ ಹಚ್ಚಿ ಹೇಳತಿದ್ರು.

ಅದು ಎಪ್ಪತ್ತರ ದಶಕ ಮುಗಿಯೋ ಹೊತ್ತು. ಚೊಳಚಗುಡ್ಡದಾಗ ಕ್ಯಾಂಪ್ ಇತ್ತು, ಬಾದಾಮಿಯಿಂದ ದಿನಾ ಟ್ರಕ್ಕಿನಾಗ ಮಂದಿ ಬರತಿದ್ರು. ಒಂದು ಸಂಜಿ ಆಟದಾಗ ಅಕ್ಕ ಮ್ಯಾಲಿನ ‘ಸಾ’ಕ್ಕ ಹೋದಾಗ ದನಿ ಹರೀತು. ಹೊಸ ಧೋತರ ಹರದಂಗಲ್ಲ, ಹಳೆ ಧೋತರ ಹರದಂಗ, ಸಪ್ಪಳಿಲ್ಲದ. ನಾ ಕಾಲು ಜೋರು ತುಳಿದು ಪೇಟಿ ಏರಿಸಿ ಮುಚ್ಚಿಬಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಮತ್ತ ಅದೇ ಜಾಗಾದಾಗ ಹರೀತು. ನೆಗಡಿ ಆಗಿದ್ರ ಜಾಗಾ ಬದಲಾಗತಿತ್ತು. ಇದು ಅದೇ ಜಾಗಾ.

ಮೂರನೇ ದಿನ ನಾ ಯಾರನ್ನೂ ಕೇಳದ ಒಂದು ಪಟ್ಟಿ ಇಳಿಸಿದೆ. ಬಿಳಿ ಆರು, ಕರಿ ಐದರ ಎಡಕ್ಕ ಹತ್ತಿಕೊಂಡಿರೋ ಪಟ್ಟಿ.

ಪೇಟಿ ಇಳಿದ್ರ ತಬಲಾನೂ ಇಳೀಬೇಕು. ತಬಲಾ ಬಾರಸೋ ಚಾಚಾ ನನ್ನ ಬಾಜೂಕ ಕೂಡತಿದ್ದ. ಅಪ್ಪನ ವಾರಿಗಿಯಂವ, ಅಂವನೂ ಇಲಕಲ್ಲಿನಂವ. ಸಾ ಹಿಡಿದೆ. ಅಂವ ನನ್ನ ಬೆರಳು ನೋಡಿದ, ನನ್ನ ಮಾರಿ ನೋಡಿದ. ಸುತ್ತಿಗಿ ತಗೊಂಡು ಟಕ್ ಟಕ್ ಬಡಿದು ತಬಲಾ ಇಳಿಸಿದ.

ಮರುದಿನ ಚಾ ಕುಡಿವಾಗ ಕೇಳಿದ, “ಬೇಟಿ, ಆಕಿಗೆ ಹೇಳೀಯೇನು?”

“ಇಲ್ಲ.”

“ಹೇಳಬ್ಯಾಡ. ಕ್ಯಾಂಪ್ ಮುಗೀಲಿ.”

ನಮ್ಮಲ್ಲಿ ಅದೊಂದು ರಿವಾಜು. ಕ್ಯಾಂಪ್ ನಡೆದಾಗ ಹಾಡೋರ ಮುಂದ ಅವರ ದನಿ ಮಾತು ತಗೀಬಾರದು. ಬಿತ್ತು ಅಂದ್ರ ಖರೆನ ಬೀಳತೈತಿ ಅಂತ ನಂಬಿಕಿ. ಅಡಗಿಯಾಕಿ ಸುದ್ದಾ ‘ಯಾಕ ಗಂಟಲ ಕುಂತೈತಿ’ ಅಂತ ಕೇಳತಿದ್ದಿಲ್ಲ, ಸುಮ್ನ ಬಿಸಿನೀರು ತಂದಿಡತಿದ್ದಳು. ಒಂದು ಕ್ಯಾಂಪ್ ಮುಗಿದ್ರ ಮತ್ತೊಂದು ಸುರು ಆಗತಿತ್ತು. ಹೇಳೂ ದಿನಾ ಬರೂದ ಇಲ್ಲ ಅನ್ನೂದು ನನಗೂ ಗೊತ್ತಿತ್ತು, ಚಾಚಾಗೂ ಗೊತ್ತಿತ್ತು.

ಹಾಡಾಕಿಗೆ ಗೊತ್ತಾಗಲಿಲ್ಲೇನು ಅಂತ ನೀವು ಕೇಳಬಹುದು. ಇಪ್ಪತ್ತು ವರ್ಷ ಆಕಿ ಪೇಟಿ ಕೊಟ್ಟ ಸಾ ಹಿಡಿದು ನಿಂತಾಕಿ. ಪೇಟಿ ಎಲ್ಲಿ ನಿಂತಿತೋ ಅಲ್ಲಿ ನಿಂತಳು. ನನ್ನ ಪಟ್ಟಿಗಳು ಸ್ಟೇಜಿಗೆ ಕಾಣತಿದ್ದಿಲ್ಲ, ಮುಂದ ಹಲಗಿ ಇತ್ತು. ಇಳಿಸಿದ ದಿನ ಆಟ ಮುಗಿಸಿ ಬಂದು ಬಣ್ಣ ಒರೆಸಿಕೋತ ಅಂದಳು:

“ಏ ತಂಗಿ, ಇವತ್ತ ದನಿ ಎಷ್ಟು ಹಗುರಿತ್ತು ನೋಡಿದಿ? ಮ್ಯಾಲ ಹತ್ತಾಕ ತ್ರಾಸ ಅನಸಲೇ ಇಲ್ಲ. ಬನಶಂಕರಿ ಕಣ್ಣು ಬಿಟ್ಟಾಳ.”

“ಹೌದು,” ಅಂದೆ ನಾ.

ಬಾಗಲಕೋಟಿಗೆ ಹೋದ್ವಿ. ಬ್ಯಾಸಿಗಿ. ಬಿಳಿ ಆರೂ ಹರಿಯಾಕ ಹತ್ತಿತು. ಕರಿ ನಾಲ್ಕಕ್ಕ ಇಳಿಸಿದೆ. ಚಾಚಾ ಈ ಸಲ ನನ್ನ ಮಾರಿ ನೋಡಲಿಲ್ಲ, ಸುಮ್ನ ಬಡಿದ. ದನಿ ದಪ್ಪಾಗಿತ್ತು. ಮಂದಿಗೆ ಅದ ಸೇರಿತು. ಮಾಲಕ ಬಂದು, “ಅಕ್ಕಾರ, ದನಿಯೊಳಗ ಈಗ ವಜನ ಬಂದೈತಿ ನೋಡ್ರಿ, ಹಿಂದಿನ ಸಾಲಿನವರೂ ಅಳತಾರ” ಅಂದ. ಅಕ್ಕ ಅಂವಗ, “ಹಿಂದಿನ ಸಾಲಿನವರು ನಿಮ್ಮ ಖುರ್ಚಿಯಾಗಿನ ತಗಣಿ ಕಡದು ಅಳತಾರ” ಅಂದಳು. ಎಲ್ಲಾರೂ ನಕ್ಕರು. ನಗೂವಾಗ ಆಕಿ ಗಂಟಲ ಮ್ಯಾಲ ಕೈ ಇಟ್ಟುಕೊಂಡದ್ದು ನಾ ನೋಡಿದೆ.

ಎಡಗಿವಿ ನೋವು ಅಂತಿದ್ದಳು. ಗಾಳಿ ಹೊಕ್ಕೈತಿ ಅಂತ ಬಳ್ಳೊಳ್ಳಿ ಕಾಸಿದ ಎಣ್ಣಿ ಹಾಕಿಕೊಂಡಳು. ಕಟಕ ರೊಟ್ಟಿ ತಿನ್ನೂದು ಬಿಟ್ಟು ಹಾಲಿನಾಗ ನೆನೆಸಿ ನುಂಗಾಕ ಸುರು ಮಾಡಿದಳು. ಕೇಳಿದ್ರ “ಹಲ್ಲು” ಅಂತಿದ್ದಳು. ಬಾಗಲಕೋಟಿಯಿಂದ ಇಲಕಲ್ಲಿಗೆ ಹೊರಟಾಗ ಅಮೀನಗಡದಾಗ ಬಸ್ ನಿಂತಿತು. ಪ್ರತಿ ಸಲ ಆಕಿ ಇಳಿದು ಕರದಂಟು ತಂದು, ಬಸ್ ಬಿಡೂದರೊಳಗ ಒಬ್ಬಾಕಿನ ಮುಗಿಸಿ ಕಾಗದ ನಮಗ ಕೊಡತಿದ್ದಳು. ಆ ಸಲ ತಂದಳು. ಒಂದು ತುಣುಕು ಬಾಯಾಗ ಇಟ್ಟಳು. ಭಾಳೊತ್ತು ಅಗಿದಳು. ಆಮ್ಯಾಲ ಕಿಡಕಿಯಿಂದ ಹೊರಗ ಉಗುಳಿ, ಉಳಿದದ್ದನ್ನ ನನ್ನ ಉಡಿಯಾಗ ಹಾಕಿದಳು. ನಾ ತಿಂದೆ. ರುಚಿ ಇತ್ತು. ಅದನ್ನ ಮುಚ್ಚಿಡೂದೇನೈತಿ.

ಶ್ರಾವಣದಾಗ ಇಲಕಲ್ಲು. ಬಿಳಿ ಐದು. ಮೂರು ಪಟ್ಟಿ ಇಳಿದಂಗಾತು. ಅದರ ಕೆಳಗ ಇನ್ನ ಗಂಡಸರ ದನಿ. ಸುತ್ತ ಓಣಿಯಾಗ ಮುಂಜಾನಿಂದ ಸಂಜಿತನಕ ಮಗ್ಗದ ಸಪ್ಪಳ. ಆ ಸಪ್ಪಳದಾಗ ಆಕಿ ಮಾತು ನನಗ ಕೇಳಸ್ತಿದ್ದಿಲ್ಲ. ಮೊದಲ ಕೇಳಸ್ತಿತ್ತು.

ಒಂದಿನ ಬಣ್ಣದ ಕೋಲಿಯಾಗ ಕುತಗಿಗೆ ಬೋರಮಾಳ ಕಟ್ಟಾಕ ಕರೆದಳು. “ಎಡಕ್ಕ ದಾರ ಸಡಲ ಮಾಡು, ಒತ್ತತೈತಿ.” ಸಡಲ ಮಾಡೂವಾಗ ನನ್ನ ಬೆರಳಿಗೆ ಹತ್ತಿತು. ಹುಣಶಿ ಬೀಜದಷ್ಟು. ಗಟ್ಟಿ. ಒತ್ತಿದ್ರ ಸರೀಲಿಲ್ಲ.

“ಏನ ಅಕ್ಕಾ ಇದು?”

“ಏನೋ ಗಡ್ಡಿ. ಸೊಳ್ಳಿ ಕಡದಿರಬೇಕು. ನೀ ಗಂಟು ಹಾಕು, ಬೆಲ್ ಆತು.”

ನಾ ಗಂಟು ಹಾಕಿದೆ. ಹೋಗಿ ಬಿಳಿ ಐದು ಹಿಡಿದೆ. ಆಕಿ ಹಾಡಿದಳು. ಚಪ್ಪಾಳಿ ಬಿದ್ದವು.

ದಸರಾ ಮುಗಿಸಿ ಹುನಗುಂದಕ್ಕ ಬಂದ್ವಿ. ಅಲ್ಲಿ ಪೇಟಿ ತಿದಿ ಇಲಿ ಕಡದು ಗಾಳಿ ನಿಲ್ಲವಲ್ದಾತು. ತಿದಿ ಬಿಚ್ಚಿ ಚರ್ಮದವನ ಕಡೆ ತೇಪಿ ಹಚ್ಚಸಾಕ ಒಯ್ದೆ. ಅವತ್ತು ಮಧ್ಯಾಹ್ನ ಹೊಸ ನಾಟಕದ ತಾಲೀಮು ಇತ್ತು. ತಡಾ ಆಗಬಾರದಂತ ಮಾಲಕ ಮಠದ ಭಜನಿ ಪೇಟಿ ತರಿಸಿದ. ಅದನ್ನ ಬಾರಸೂ ಶರಣರೂ ಕೂಡ ಬಂದ್ರು. ಹೊಲಾ ಮಾಡಿಕೊಂಡಿದ್ದ ಹಿರಿ ಮನಷ್ಯಾ. ಅದು ನನ್ನ ಕಿವಿಗೆ ಬಿದ್ದಿದ್ರ ತಪ್ಪಸ್ತಿದ್ದೆ. ನನಗ ಗೊತ್ತಿದ್ದಿಲ್ಲ.

ತೇಪಿ ಹಚ್ಚಿಸಿ, ತಿದಿ ತಲಿ ಮ್ಯಾಲ ಹೊತ್ತುಕೊಂಡು ಕೋರ್ಟಿನ ಮುಂದ ಬರತಿದ್ದೆ. ಥಿಯೇಟರಿನ ತಗಡಿನೊಳಗಿಂದ ಸಾ ಕೇಳಿತು. ಕರಿ ಐದು. ನಾ ಓಡಲಿಲ್ಲ. ಓಡಿ ಮಾಡೂದೇನಿತ್ತು? ಆಕಿ ಸುರು ಮಾಡೇಬಿಟ್ಟಿದ್ದಳು. ‘ಗ’ಕ್ಕ ಹೋದಳು. ‘ಮ’ಕ್ಕ ಹೋದಳು. ‘ಪ’ಕ್ಕ ಹೋಗಲಿಲ್ಲ. ದನಿ ಬದಲಿ ಬರೇ ಗಾಳಿ ಬಂತು, ತೂತಬಿದ್ದ ತಿದಿಯಿಂದ ಬಂದಂಗ.

ನಾ ಒಳಗ ಹೋದಾಗ ಶರಣರು ಇನ್ನೂ ಸಾ ಹಿಡಿದ ಕುಂತಿದ್ರು. “ಮತ್ತೊಮ್ಮಿ ಬರ್ರಿ ಅಕ್ಕಾರ, ನಾ ಹಿಡಿದೇನಿ.”

ಅಕ್ಕ ಮತ್ತೊಮ್ಮಿ ಬಂದಳು. ಅಲ್ಲೇ ನಿಂತಳು.

“ಶರಣರ, ಇದು ಕರಿ ಐದು ಖರೆ ಏನ್ರಿ?”

“ಖರೆರಿ. ನೀವ ಹೇಳಿದ್ರೆಲಾ. ದೇವರ ಮುಂದಿನ ಪೇಟಿ ಐತಿರಿ, ಸುಳ್ಳು ಹೇಳೂದಿಲ್ಲ.”

ಶರಣರು ಒಳ್ಳೇ ಮನಸಿನಿಂದ ಹೇಳಿದ್ರು. ಅಕ್ಕ ಹೊರಳಿ ನನ್ನ ನೋಡಿದಳು. ನಾ ತಿದಿ ಹೊತ್ತಕೊಂಡ ನಿಂತಿದ್ದೆ. ಚಾಚಾ ತಬಲಾಕ್ಕ ಅರಿವಿ ಹೊಚ್ಚಿ ಎದ್ದು ಹೋದ.

“ಎಷ್ಟು ಇಳಿಸೀದಿ?”

“ಮೂರು.”

“ಎಲ್ಲಿಂದ?”

“ಚೊಳಚಗುಡ್ಡದಿಂದ.”

ಬಯ್ಯಲಿಲ್ಲ. ಬಡಿಯಲಿಲ್ಲ. ನೆಲದ ಮ್ಯಾಲ ಕುಂತು, ಕುತಗಿ ಎಡಬಾಜೂಕ ಕೈ ಒಯ್ದು ಆ ಗಡ್ಡಿ ಹಿಡಕೊಂಡಳು. ಅಲ್ಲೀತನಕ ಆಕಿ ಅದನ್ನ ಮುಟ್ಟಿಕೊಂಡಿದ್ದು ನಾ ನೋಡಿದ್ದಿಲ್ಲ.

ಮರುದಿನ ಬಾಗಲಕೋಟಿ ದವಾಖಾನಿಗೆ ಹೊರಟ್ವಿ, ಇಬ್ಬರೇ. ಅಮೀನಗಡದಾಗ ಬಸ್ ನಿಂತಿತು. ಆಕಿ ಇಳಿದು ಕರದಂಟು ತಂದು ನನ್ನ ಕೈಯಾಗ ಇಟ್ಟಳು.

“ತಿನ್ನು.”

“ನನಗ ಬ್ಯಾಡಕ್ಕಾ.”

“ತಿನ್ನು ಅಂದ್ನೆಲ್ಲ. ನಾ ನೋಡ್ತೇನಿ.”

ತಿಂದೆ. ಬಸ್ ಬಿಡೂತನಕ ಆಕಿ ನನ್ನ ಗಂಟಲ ನೋಡಿಕೋತ ಕುಂತಿದ್ದಳು.

ಡಾಕ್ಟರ್ ಕನ್ನಡಿ ಒಳಗ ಇಟ್ಟು ನೋಡಿದ. ಎರಡು ಸಲ ನೋಡಿದ. ಕೈ ತೊಳಕೊಂಡು ಬಂದು, “ದನಿ ಯಾವಾಗಿಂದ ಬದಲಾಗೇತ್ರಿ?” ಅಂದ.

ಅಕ್ಕ ನನ್ನ ಕಡೆ ಬೆರಳು ಮಾಡಿದಳು.

“ಹತ್ತು ತಿಂಗಳಾತ್ರಿ,” ಅಂದೆ.

“ಹತ್ತು ತಿಂಗಳು ಏನ್ ಮಾಡಾಕತ್ತಿದ್ರಿ?”

“ಸಾಥ್ ಕೊಡಾಕತ್ತಿದ್ದೆರಿ.”

ಅಂವಗ ತಿಳೀಲಿಲ್ಲ. ಮೊದಲ ತಿಂಗಳದಾಗ ಬಂದಿದ್ರ ಗಡ್ಡಿ ಸುಡೋ ಕರೆಂಟು ಕೊಟ್ಟು ದನಿ ಉಳಸಬಹುದಿತ್ತು, ಈಗ ಹುಬ್ಬಳ್ಳಿಗೆ ಹೋಗಿ ಧ್ವನಿಪೆಟ್ಟಿಗಿನ ತಗಸಬೇಕು, ಇಲ್ಲಂದ್ರ ಜೀವಾನೂ ಉಳಿಯೂದಿಲ್ಲ ಅಂದ. ಇಷ್ಟ ಹೇಳಿ ಮುಂದಿನ ರೋಗಿ ಕರೆದ. ಹೊರಗ ಬಾಕಿನ ಮ್ಯಾಲ ಕುಂತು ಅಕ್ಕ ಎಲಿ ಅಡಕಿ ಚೀಲ ತಗದಳು, ಬಾಯಿಗೆ ಹಾಕಿಕೊಳ್ಳಲಿಲ್ಲ, ಮತ್ತ ಕಟ್ಟಿದಳು.

“ನಾ ಬಾಯಿ ಮುಚ್ಚಿಕೊಂಡು ಬದುಕಬೇಕು ಅಂತಾನ,” ಅಂದಳು. “ನೀ ಹೆಂಗ ಬದುಕಿದಿ, ಹಂಗ.”

ಆಕಿ ನನ್ನ ಸಂಗಾಟ ಬಾಯಿಲೆ ಆಡಿದ ಕಡೀ ಮಾತು ಅದು. ಹುಬ್ಬಳ್ಳಿಗೆ ಆಕಿ ತಂಗಿ ಕರಕೊಂಡು ಹೋದಳು, ಖಾಸಾ ತಂಗಿ. ನನ್ನ ಕರೀಲಿಲ್ಲ. ಚಾಚಾ ಆ ಕ್ಯಾಂಪ್ ಮುಗೀತಲೇ ಕಂಪನಿ ಬಿಟ್ಟ. ಹೋಗೂವಾಗ, “ಇಳಿಸಿದ್ದು ನೀ ಒಬ್ಬಾಕಿ ಅಲ್ಲ ಬೇಟಿ” ಅಂದ. ಅಂವಗ ಹಗುರಾಗಿರಬೇಕು. ನನಗ ಆಗಲಿಲ್ಲ.

ಅಕ್ಕ ಉಳಿದಳು. ಇಲಕಲ್ಲಿನಾಗ ತಂಗಿ ಮನಿಯಾಗ ಇದ್ದಳು, ಕುತಗಿಗೆ ತೂತು, ಅದರ ಮ್ಯಾಲ ತೆಳ್ಳನ ಅರಿವಿ. ಆರು ತಿಂಗಳು ಬಿಟ್ಟು ನಾ ನೋಡಾಕ ಹೋದೆ. ಕರೆದು ಕೂಡ್ರಿಸಿ, ಮಕ್ಕಳ ಪಾಟಿ ತಗೊಂಡು ಬಳಪದಿಂದ ಏನೋ ಬರೆದು ನನ್ನ ಮುಂದ ಹಿಡಿದಳು. ನನಗ ನೆಟ್ಟಗ ಓದಾಕ ಬರೂದಿಲ್ಲ ಅನ್ನೂದು ಆಕಿಗೆ ಗೊತ್ತಿತ್ತು. ಹಿಡಿದ ಕೈ ಇಳಿಸಲಿಲ್ಲ. ಆಕಿ ತಂಗಿ ಓದಾಕ ಬಂದ್ರ ಕೈಲೆ ದೂಡಿದಳು. ನಾ ಒಂದೊಂದ ಅಕ್ಷರ ಹಿಡಿದು, ಬೆವರಿ, ಕೂಡಿಸಿ ಓದಿದೆ.

ಯಾಕ ಹೇಳಲಿಲ್ಲ.

“ಹೇಳಿದ್ರ ನೀ ಹಾಡೂದು ನಿಲ್ಲಸ್ತಿದ್ದಿ ಅಂತ,” ಅಂದೆ. ಮೊಳಕೈಲೆ ಪಾಟಿ ಒರೆಸಿ, ಚಾ ಕುಡೀತಿ ಏನು ಅಂತ ಬರೆದಳು.

ಆಮ್ಯಾಲ ವರ್ಷಕ್ಕ ಎರಡು ಮೂರು ಸಲ ಹೋಗತಿದ್ದೆ. ಪ್ರತಿ ಸಲ ಮೊದಲು ಅವೇ ಎರಡು ಶಬ್ದ. ಒರೆಸಿ, ಚಾ. ನಾ ಪ್ರತಿ ಸಲ ಬ್ಯಾರೆ ಬ್ಯಾರೆ ಹೇಳಿದೆ. ರಿವಾಜು ಅಂದೆ. ಚಾಚಾ ಬ್ಯಾಡಂದ ಅಂದೆ. ಅಪ್ಪ ಹಂಗ ಕಲಿಸಿದ್ದ ಅಂದೆ. ನಾ ಈಗ ಇಷ್ಟು ಬರಿಯೂದು ಆ ಪಾಟಿ ಓದಿ ಓದಿ ಕಲಿತದ್ದು.

ಖರೆ ಉತ್ತರ ಬ್ಯಾರೆ ಇತ್ತು, ಅದನ್ನ ಆಕಿ ಮುಂದ ಹೇಳಲಿಲ್ಲ. ಮೂರು ಪಟ್ಟಿ ಇಳಿಸಿದ್ರೂ ಇಲಕಲ್ಲಿನಂಥ ಊರಾಗ ಒಬ್ಬ ಮನಷ್ಯಾಗೂ ಗೊತ್ತಾಗಲಿಲ್ಲ ಅನ್ನೂದು ನನಗ ಹೆಮ್ಮಿ ಆಗಿತ್ತು. ಆಕಿ ಹರಿದಷ್ಟೂ ನಾ ಚಂದ ಬಾರಿಸಿದೆ. ನನ್ನ ಜೀವಮಾನದಾಗ ಅಷ್ಟು ಚಂದ ಮತ್ತ ಬಾರಿಸಿಲ್ಲ.

ವಿಡಿಯೊ ಬಂದು ನಾಟಕಕ್ಕ ಮಂದಿ ಕಡಿಮಿ ಆದ ಕಾಲಕ್ಕ ಕಂಪನಿಗೆ ಹೊಸ ಹುಡುಗಿ ಬಂದಳು. ಬಿಳಿ ಆರರ ದನಿ, ಚಲೋ ಇತ್ತು. ಬಾದಾಮಿ ಕ್ಯಾಂಪಿನಾಗ ಒಂದು ಮುಂಜಾನಿ ತಾಲೀಮಿನಾಗ ಮ್ಯಾಲ ಹೋದಾಗ ಕರಕರ ಅಂತು. ಎರಡನೇ ಸಲಾನೂ ಅದೇ ಜಾಗಾ. ನಾ ಕಾಲು ನಿಲ್ಲಿಸಿದೆ. ಎಲ್ಲಾರ ಮುಂದ ಅಂದೆ:

“ನಿನ್ನ ದನಿ ಬಿದ್ದೈತಿ. ಇವತ್ತ ದವಾಖಾನಿಗೆ ಹೋಗು. ಹೋಗೂತನಕ ನಾ ಬಾರಸೂದಿಲ್ಲ.”

ಹುಡುಗಿ ಅತ್ತಳು. ಮಾಲಕ ಬಂದು, “ಮಾಸ್ತರಬಾಯಿ, ತಲಿ ಗಿಲಿ ಕೆಟ್ಟೈತೇನು? ಕ್ಯಾಂಪಿನಾಗ ಇಂಥಾ ಮಾತು ಆಡ್ತಾರೇನು?” ಅಂತ ಒದರಿದ. ನಾ ಏಳಲಿಲ್ಲ, ಬಾರಸಲೂ ಇಲ್ಲ. ಕಡೀಕ ಹುಡುಗಿ ಹೋಗಿ ಬಂದಳು. ನೆಗಡಿ. ಎಂಟು ದಿನ ಗುಳಿಗಿ ತಗೋ ಅಂದಿದ್ರಂತ. ಆ ಹುಡುಗಿ ಮತ್ತ ನನ್ನ ಪೇಟಿಗೆ ಹಾಡಾಕ ಒಲ್ಲೆ ಅಂದಳು. ಮಾಲಕಗೂ ನೆವ ಬೇಕಿತ್ತು. ಕರೆಂಟಿನ ಕೀಬೋರ್ಡಿನಂವ ಒಬ್ಬಂವ ಬಂದ, ಮೊಳಕಾಲ ಮ್ಯಾಲ ಇಟ್ಟುಕೊಂಡು ಬಾರಸತಿದ್ದ. ನನ್ನ ಕಸಬು ಅಲ್ಲಿಗೆ ಮುಗೀತು.

ಇಲಕಲ್ಲಿಗೆ ಹೋಗಿ ಅಕ್ಕನ ಮುಂದ ಎಲ್ಲಾ ಹೇಳಿದೆ. ಆ ಸಲ ಆಕಿ ಮೊದಲು ಪಾಟಿ ಹಿಡೀಲಿಲ್ಲ, ಪೂರ್ತಿ ಕೇಳಿದಳು. ಆಮ್ಯಾಲ ಬರೆದಳು: ಹುಡುಗಿಗೆ ಏನಾಗಿತ್ತು?

“ನೆಗಡಿ.”

ಅಕ್ಕ ನಕ್ಕಳು. ದನಿ ಇಲ್ಲದ ನಗು ಭಾಳ ಕೆಟ್ಟದ್ದು. ಹೆಗಲು ಅಲುಗಾಡ್ತಾವು, ಅರಿವಿ ಕೆಳಗ ಆ ತೂತಿನಾಗಿಂದ ಸುಯ್ ಅಂತ ಗಾಳಿ ಬರತೈತಿ. ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ಎರಡು ಕಪ್ ಚಾ ಕುಡಿಸಿ ಕಳಿಸಿದಳು. ಮುಗೀತು ಅಂತ ನಾ ಬಸ್ಸಿನಾಗ ನಿದ್ದಿ ಮಾಡಿದೆ.

ಮುಂದಿನ ಸಲ ಹೋದಾಗ ಪಾಟಿ ಮ್ಯಾಲ ಮತ್ತ ಅವೇ ಎರಡು ಶಬ್ದ ಇದ್ದವು. ಈ ಸಲ ನಾ ಬರೂದಕಿಂತ ಮೊದಲ ಬರೆದು, ನಾ ಕೂಡೂ ಜಾಗಾದಾಗ ಇಟ್ಟಿದ್ದಳು.